ಮೂಳೆಯಿಲ್ಲದ ದವಡೆ

ನಿವೃತ್ತಿಗೆ ಒಂದು ವರ್ಷ ಬಾಕಿಯಿದ್ದಾಗ ನಾನು ಆಲೂರಿನಲ್ಲಿ ವೆಟರ್ನರಿ ಡಾಕ್ಟರ್. ಊರವರ ಬಾಯಲ್ಲಿ ದನದ ಡಾಕ್ಟ್ರಮ್ಮ. ಶಾರ್ಕ್ ಎಂಬುದನ್ನು ನಾನು ಮುಟ್ಟಿದ್ದು ಕಾನ್ವೆಂಟ್‌ನಲ್ಲಿ ಮಾತ್ರ. ಲಕ್ಷಾಂತರ ವರ್ಷಗಳ ಹಿಂದೆ ಅಳಿದುಹೋದ ದೈತ್ಯ ಶಾರ್ಕ್ ಮೆಗಲೊಡಾನ್. ಅದರ ಒಂದು ಹಲ್ಲನ್ನು ಬಯಾಲಜಿ ಸಿಸ್ಟರ್ ನನ್ನ ಕೈಗಿಟ್ಟಾಗ ಅಂಗೈಯೇ ತುಂಬಿಹೋಗಿತ್ತು.

"ಮೂಳೆಗಳೆಲ್ಲ ಎಲ್ಲಿ, ಸಿಸ್ಟರ್?"

"ಶಾರ್ಕಿಗೆ ಮೂಳೆಯೇ ಇಲ್ಲ, ಮೈ ಡಿಯರ್. ಎಲ್ಲಾ ಕಾರ್ಟಿಲೇಜ್, ನಿನ್ನ ಕಿವಿಯ ಹಾಗೆ."

ನಿವೃತ್ತಿಗೆ ವರ್ಷ ಉಳಿದಿದ್ದ ಆ ದಿನಗಳಲ್ಲಿ ಒಂದು ಬೆಳಿಗ್ಗೆ ಹಾನುಬಾಳಿನಲ್ಲಿ ಹಸುವಿನ ಹೆರಿಗೆ ಮುಗಿಸಿ ಕಾರಿನಲ್ಲಿ ಬರುತ್ತಿದ್ದೆ. ಸಕಲೇಶಪುರ ದಾಟಿದ ಮೇಲೆ ತಿರುವಿನಲ್ಲಿ ಮೀನಿನ ಲಾರಿ ಮಗುಚಿತ್ತು. ಜನ ಗೊಬ್ಬರದ ಚೀಲಗಳಿಗೆ ಮೀನು ತುಂಬುತ್ತಿದ್ದರು. ಆ ಗದ್ದಲವನ್ನು ಸೀಳಿಕೊಂಡು ಒಂದು ಚೀರಾಟ.

ಕ್ಯಾಬಿನ್ನಿನ ಹಿಂದಿನ ಹಲಗೆ ಮುರಿದು, ಆಳುದ್ದದ ಸತ್ತ ಶಾರ್ಕ್ ಡ್ರೈವರ್ ಇಬ್ರಾಹಿಂನ ಮೇಲೆ ನುಗ್ಗಿತ್ತು. ತಡೆಯಲು ಚಾಚಿದ ಬಲಗೈ ಮೊಣಕೈವರೆಗೆ ಅದರ ಬಾಯೊಳಗೆ. ಶಾರ್ಕಿನ ಮೂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಐಸ್ ಪೆಟ್ಟಿಗೆಗಳ ರಾಶಿ; ಆ ಭಾರಕ್ಕೆ ದವಡೆ ಕಚ್ಚಿಕೊಂಡಿತ್ತು. ಎಸ್ಟೇಟ್ ಮಾಲೀಕ ಧರ್ಮಣ್ಣ, ಮರದ ದಿಮ್ಮಿ ಎಳೆಯುವ ಹಗ್ಗವನ್ನು ಶಾರ್ಕಿನ ಬಾಲಕ್ಕೆ ಬಿಗಿದು ಜೀಪಿನಲ್ಲಿ ಆಗಲೇ ಒಮ್ಮೆ ಎಳೆದಿದ್ದರು. ಆ ಎಳೆತಕ್ಕೇ ಇಬ್ರಾಹಿಂ ಚೀರಿದ್ದು. ಸೀಟಿನ ತುಂಬ ರಕ್ತ.

"ಸತ್ತ್ ಮೀನು ಕಣೋ, ಏನ್ ಕಚ್ಚುತ್ತೆ! ಇನ್ನೊಂದ್ ಸಲ ಜಗ್ಗಿದ್ರೆ ಬಂದ್ಬುಡುತ್ತೆ!" ಯಾರೋ ಕೂಗಿದರು.

ನಾನು ಟಾರ್ಚ್ ಹಿಡಿದು ನೋಡಿದೆ. ಹಲ್ಲುಗಳೆಲ್ಲ ಗಂಟಲಿನ ಕಡೆಗೆ ಬಾಗಿದ್ದವು. ಎಳೆದಷ್ಟೂ ಮಾಂಸ ಕಿತ್ತು ಬರುತ್ತದೆ. ಓಡಿಹೋಗಿ ಜೀಪಿನ ಮುಂದೆ ನಿಂತೆ.

"ಪಕ್ಕಕ್ಕೆ ಸರೀರಿ ಡಾಕ್ಟ್ರಮ್ಮಾ! ಕೈ ಹೋದ್ರೆ ಹೋಗ್ಲಿ, ಜೀವ ಆದ್ರೂ ಉಳೀಲಿ!" ಧರ್ಮಣ್ಣ ಎಂಜಿನ್ ಅಬ್ಬರಿಸಿದರು.

"ಹಗ್ಗ ಬಿಚ್ರೀ, ಫಾರ್ ಗಾಡ್ಸ್ ಸೇಕ್! ಇಲ್ಲಾ, ನನ್ನ ಮೇಲೆ ಹತ್ತಿಸಿ."

ಅವರು ಬೈದುಕೊಳ್ಳುತ್ತಲೇ ಬಿಚ್ಚಿದರು. ನಾನು ನನ್ನ ದುಪಟ್ಟಾದಿಂದ ಇಬ್ರಾಹಿಂನ ತೋಳನ್ನು ಬಿಗಿಯಾಗಿ ಕಟ್ಟಿದೆ. ದನಗಳ ಪೋಸ್ಟ್‌ಮಾರ್ಟಂಗೆಂದು ಕಾರಿನಲ್ಲಿದ್ದ ಚಾಕು ತಂದೆ.

"ಮೇಡಂ, ನೀವು... ದನದ ಡಾಕ್ಟ್ರಲ್ವಾ?" ಅವನ ತುಟಿ ಬಿಳಿಚಿತ್ತು.

"ಹೌದು. ನಾನು ಕೊಯ್ಯೋದು ಮೀನನ್ನ, ನಿನ್ನನ್ನಲ್ಲ."

ಶಾರ್ಕಿನ ಬಾಯಿಯ ಮೂಲೆಯಲ್ಲಿ ಚಾಕು ತೂರಿಸಿದೆ. ಹಸುವಿನ ದವಡೆಯಾಗಿದ್ದರೆ ಮೂಳೆಗೆ ಗರಗಸ ಬೇಕಿತ್ತು. ಇಲ್ಲಿ ಒರಟು ಚರ್ಮ, ಹುರಿಗಟ್ಟಿದ ಸ್ನಾಯು, ಆಮೇಲೆ ದವಡೆಯ ಕೀಲು ಕರಕರ ಎಂದು ಕೊಯ್ಯಿಸಿಕೊಂಡಿತು. ಸಿಸ್ಟರ್ ಹೇಳಿದ ಕಿವಿ! ಚಾಕು ಜಾರಿ ನನ್ನ ಹೆಬ್ಬೆರಳೂ ಸೀಳಿತು. ಎರಡನೇ ಮೂಲೆಯೂ ಬಿಟ್ಟುಕೊಂಡಾಗ ಕೆಳದವಡೆ ಜೋತುಬಿತ್ತು. ಧರ್ಮಣ್ಣನೇ ಅದನ್ನು ಎರಡು ಕೈಯಲ್ಲಿ ಕೆಳಗೊತ್ತಿ ಹಿಡಿದರು. ಕೈ ಹೊರಬಂತು, ಹಸಿ ಮಾಂಸದಂತೆ, ಆದರೆ ಇಡಿಯಾಗಿ.

"ಮಾತ್ರೆ ಬರ್ಕೊಡ್ರೀ ಮೇಡಂ," ಜೀಪಿಗೆ ಹತ್ತಿಸುವಾಗ ಇಬ್ರಾಹಿಂ ತೊದಲಿದ, "ಬೂಸಾ ಮಾತ್ರ ಬರೀಬ್ಯಾಡಿ."

ಹಾಸನದ ಆಸ್ಪತ್ರೆಯಲ್ಲಿ ಕೈ ಉಳಿಯಿತು. ಎರಡು ಬೆರಳು ಮಾತ್ರ ಇಂದಿಗೂ ಮಡಚುವುದಿಲ್ಲ. ಹಲ್ಲು ನೆಟ್ಟ ಗಾಯಗಳೆಲ್ಲ ಮಾಗಿದವು, ಬೆರಳು ಮಡಚಿಸುವ ಟೆಂಡನ್ ಹರಿದದ್ದು ಆ ಮೊದಲ ಎಳೆತದಿಂದ ಎಂದರು ಸರ್ಜನ್. ಧರ್ಮಣ್ಣ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. ಪಾಪ, ಎಲ್ಲರಿಗಿಂತ ಮೊದಲು ನೆರವಿಗೆ ಓಡಿಬಂದಿದ್ದವರು ಅವರೇ.

ಉಳಿದ ಒಂದು ವರ್ಷ, ಹೆರಿಗೆಯಲ್ಲಿ ಕರು ಸಿಕ್ಕಿಕೊಂಡಿದೆಯೆಂದು ಕರೆ ಬಂದು ಯಾವ ಕೊಟ್ಟಿಗೆಗೆ ಹೋದರೂ, ಕರುವನ್ನು ಎಳೆಯಲು ಹಗ್ಗ ಹಿಡಿದು ನಿಂತವರಿಗೆ ಮೊದಲು ಅದನ್ನು ನೆಲಕ್ಕಿಡಲು ಹೇಳುತ್ತಿದ್ದೆ. ಗ್ಲವ್ಸ್ ಹಾಕಿಕೊಳ್ಳುತ್ತಿದ್ದುದು ಆಮೇಲೆ.