ಇಸ್ತ್ರಿಯ ಕೆಂಡ ಒಳಗೆ ಬಂದ ದಿನ

ಊರಂಚಿನ ಗುಡ್ಡದ ಕಾಡಿಗೆ ಬೆಂಕಿ ಬಿದ್ದು ವಾರ ಕಳೆದಿತ್ತು. ಇಸ್ತ್ರಿ ಮಾಡಿ ಬದುಕುತ್ತಿದ್ದ ಆ ಹೆಂಗಸಿಗೆ ಇದ್ದ ಚಿಂತೆಯೆಲ್ಲ ಗಂಡನ ಉಸಿರಿನದು. ಸಿಮೆಂಟ್ ಮೂಟೆ ಹೊತ್ತು ಸವೆದ ಅವನ ಎದೆ, ಹೊಗೆ ಸೋಕಿದರೆ ಸಾಕು, ಕುಲುಮೆಯ ತಿದಿಯಂತೆ ಏಳುತ್ತ ಬೀಳುತ್ತಿತ್ತು.

ಪುರಸಭೆಯ ವಾಹನ ಬಂದು, ಬಾಗಿಲು ಕಿಟಕಿ ಮುಚ್ಚಿ ಒಳಗಿರಿ ಎಂದು ಸಾರಿಹೋಯಿತು. ಹಂಚಿನ ಸಂದಿಯಲ್ಲಿ ಆಕಾಶ ಕಾಣುವ ಮನೆಯವರು ಏನನ್ನು ಮುಚ್ಚಬೇಕು, ಮುಚ್ಚಿದ ಮೇಲೆ ಒಳಗೆ ಏನನ್ನು ಉರಿಸಬಾರದು ಎಂದು ಹೇಳುವಷ್ಟು ವ್ಯವಧಾನ ಸಾರಿದವರಿಗಿರಲಿಲ್ಲ. ಆಕೆ ಹಳೆಯ ಸೀರೆಗಳನ್ನು ನೀರಿನಲ್ಲಿ ಅದ್ದಿ ಗವಾಕ್ಷಿಗಳಿಗೂ ಸಂದುಗೊಂದುಗಳಿಗೂ ತುರುಕಿದಳು. ಜಗುಲಿಯಲ್ಲಿ ಉದುರುವ ಬೂದಿಯಿಂದ ಆಸ್ಪತ್ರೆಯ ನರ್ಸಮ್ಮನ ಬಿಳಿ ಸಮವಸ್ತ್ರ ಕೆಡುತ್ತದೆಂದು, ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನೂ ಒಳಗೆ ತಂದಳು. ಕೆಂಡ ನಿಗಿನಿಗಿ ಅನ್ನುತ್ತಿತ್ತು. ಹೊಗೆಯ ಎಳೆಯೂ ಇರಲಿಲ್ಲ.

“ಈಗ ಹೆಂಗಿದೆ?”

“ಅರಮನೆ ಕಣೇ. ಒಳಗೆ ಬರೋಕೆ ಗಾಳಿಗೂ ಪರ್ಮಿಷನ್ ಬೇಕು.”

“ಬಾಯಿಗೇನೂ ಕಾಯಿಲೆ ಇಲ್ಲ ನಿಮ್ಗೆ!”

ಕೆಮ್ಮು ತಗ್ಗಿತು. ಹೊತ್ತು ಇಳಿಯುವಾಗ ಅವನು ತಲೆ ಸಿಡಿಯುತ್ತಿದೆ ಎಂದ, ಆಮೇಲೆ ಮಾತಾಡಲಿಲ್ಲ. ಸದ್ಯ ನಿದ್ದೆ ಹತ್ತಿತಲ್ಲ ಎಂದು ಆಕೆ ಸಮಾಧಾನಪಟ್ಟಳು. ಅಷ್ಟರಲ್ಲಿ ಅವಳಿಗೂ ತಲೆ ಸುತ್ತಿ, ಕೈ ಸೋತು, ಪೆಟ್ಟಿಗೆ ಸಮವಸ್ತ್ರದ ಬಿಳಿ ತೋಳಿನ ಮೇಲೆಯೇ ನಿಂತುಬಿಟ್ಟಿತು. ಸುಟ್ಟ ವಾಸನೆಗೆ ಬೆಚ್ಚಿ, “ಏನ್ರೀ, ಏಳ್ರೀ!” ಎಂದು ಕೂಗಿದಳು. ಅವನು ಕಣ್ಣು ಬಿಟ್ಟನೇ ಹೊರತು ಏಳಲಾಗಲಿಲ್ಲ. ಬಾಗಿಲು ದಬ್ಬಿ, ಕಂಕುಳಿಗೆ ಕೈಕೊಟ್ಟು ಜಗುಲಿಗೆ ಎಳೆದಳು.

ಬಟ್ಟೆಗೆಂದು ಬಂದ ನರ್ಸಮ್ಮ ಅವನ ನಾಡಿ ಹಿಡಿದು ನೋಡಿ, ಮನೆಯೊಳಗೆ ಇಣುಕಿದಳು.

“ಎಲ್ಲಾ ಮುಚ್ಚಿ ಕೆಂಡ ಇಟ್ಕೊಂಡಿದ್ರಾ ಅಕ್ಕಾ? ಹೊಗೆ ಕಾಣಲ್ಲ ಅಂದ್ರೆ ವಿಷ ಇಲ್ಲ ಅಂತಲ್ಲ. ಮೊದ್ಲು ಆಟೋ ಕರೀರಿ.”

“ನಿಮ್ಮ ಬಟ್ಟೆ ಸುಟ್ಟುಬಿಟ್ಟೆ, ಸಿಸ್ಟರ್.”

“ಹಾಳಾಗ್ಲಿ ಬಟ್ಟೆ!”

ಆಸ್ಪತ್ರೆಯ ಆಮ್ಲಜನಕ ಅವನನ್ನು ಉಳಿಸಿತು. ಗುಡ್ಡ ಮಾತ್ರ ಇನ್ನೂ ಉರಿಯುತ್ತಿತ್ತು. ಅವನನ್ನು ಮನೆಗೆ ಕರೆತಂದ ದಿನ ಆಕೆ ಮತ್ತೆ ಗವಾಕ್ಷಿಗಳಿಗೆ ಒದ್ದೆ ಸೀರೆ ತುರುಕಿ, ತಾನು ಕೆಂಡದೊಡನೆ ಜಗುಲಿಯಲ್ಲಿ ನಿಂತಳು. ಒಂದೊಂದು ಬಟ್ಟೆಯ ಮೇಲಿನ ಬೂದಿಯನ್ನೂ ಬಾಯಿಂದ ಊದಿ, ಆಮೇಲೆ ಪೆಟ್ಟಿಗೆ ಆಡಿಸುತ್ತಿದ್ದಳು.

ಊದುವ ಸದ್ದಿಗೆ ಒಳಗಿನಿಂದ ಗಂಡನ ಕ್ಷೀಣ ದನಿ ಬಂತು: “ನನ್ನ ಪಾಲಿಂದೂ ನೀನೇ ಊದ್ಬಿಡೇ.”

“ಸುಮ್ನೆ ಮಲಗ್ರೀ,” ಎಂದು, ಕೆಮ್ಮು ನುಂಗಿಕೊಂಡು, ಮುಂದಿನ ಬಟ್ಟೆ ಹರವಿದಳು.