ಚಟ್ನಿಯ ಹಕ್ಕು

ಅದಿರು ಲಾರಿಗಳ ಧೂಳು ಅಳೆಯುವ ಕೆಲಸಕ್ಕೆ ಹೋದಾಗ ಹಂಪಿಯಲ್ಲಿ ಶಾಂತಕ್ಕನ ಮನೆಯಲ್ಲಿ ಇಳಿದುಕೊಂಡಿದ್ದೆ. ರೂಮಿನ ಜೊತೆ ಬೆಳಿಗ್ಗೆ ದೋಸೆ ಎಂದು ಬಾಗಿಲಿಗೆ ಬೋರ್ಡು ಹಾಕಿದ್ದರು. ಆದರೆ ಸ್ಮಾರಕಗಳನ್ನು ಕಾಪಾಡುವ ಕಾಯ್ದೆಯಡಿ, ಆ ದೋಸೆ ಹುಯ್ಯುವ ಶೆಡ್ಡನ್ನೇ ಕೆಡವಬೇಕೆಂದು ನೋಟಿಸು ಬಂದಿತ್ತು.

ಹೊಸಪೇಟೆಯಿಂದ ಬಂದ ವಕೀಲರು ಅವರಿಗೆ ಧೈರ್ಯ ಹೇಳುತ್ತಿದ್ದರು. "ಸಂವಿಧಾನದಾಗ ಜೀವಿಸೋ ಹಕ್ಕು ಐತ್ರಿ ಅಕ್ಕಾರ. ದುಡದು ತಿನ್ನೋದೂ ಅದರಾಗ ಬರತೈತಿ ಅಂತ ಕೋರ್ಟು ಹೇಳೇತಿ."

"ನನ್ನ ದೋಸಿ ಹಂಚೂ ಬರತೈತೇನ್ರಿ?"

"ಹಂಚು ಅಂತ ಅದರಲ್ಲಿ ಎಲ್ಲೂ ಬರೆದಿಲ್ಲವಲ್ಲ," ಎಂದೆ ನಾನು. ಯಂತ್ರ ತೋರಿಸಿದ್ದನ್ನಷ್ಟೇ ಬರೆದುಕೊಳ್ಳುವುದು ನನ್ನ ಅಭ್ಯಾಸ.

ಶಾಂತಕ್ಕ ಒಳಗೆ ಹೋದರು. ವಕೀಲರ ತಟ್ಟೆಗೆ ದೋಸೆ, ಚಟ್ನಿ ಬಂದವು. ನನ್ನ ತಟ್ಟೆಗೆ ಬರೀ ದೋಸೆ.

"ಅಕ್ಕಾ, ಚಟ್ನಿ?"

"ಬೋರ್ಡಿನಾಗ ದೋಸಿ ಅಂತಷ್ಟ ಐತಪಾ. ಚಟ್ನಿ ಅಂತ ಎಲ್ಲಿ ಬರದೈತಿ?"

"ದೋಸೆ ಅಂದಮೇಲೆ ಚಟ್ನಿಯೂ ಬಂತಲ್ಲ! ಇಲ್ಲದಿದ್ದರೆ ತಿನ್ನೋದು ಹೇಗೆ?"

ವಕೀಲರು ಬೆರಳು ನೆಕ್ಕಿ ಪೆನ್ನು ತೆಗೆದರು. "ಮಸ್ತ್! ಇನ್ನೊಮ್ಮೆ ಹೇಳ್ರಿ ಸರ. ನಮ್ಮ ವಾದನೂ ಇದ ಅಲ್ಲೇನ್ರಿ?"

ಶೆಡ್ಡು ಕೆಡವದಂತೆ ಕೋರ್ಟು ತಡೆ ಕೊಟ್ಟಿತೆಂದು ಮುಂದೆ ಸಂಡೂರಿನಲ್ಲಿದ್ದಾಗ ಕೇಳಿದೆ. ನನಗಂತೂ ಚಟ್ನಿ ಅಂದೇ ಸಿಕ್ಕಿತ್ತು. ವಾದದಲ್ಲಿ ಸೋತವನಿಗೂ ಪರಿಹಾರ ಕೊಡುವ ಕೋರ್ಟು ಶಾಂತಕ್ಕನದೊಂದೇ ಇರಬೇಕು.