ಕೋಣೆಗೊಂದು ಫೋನು

ಶಿರಾಳಕೊಪ್ಪದ ಮೆಕ್ಕೆಜೋಳದ ವ್ಯಾಪಾರಿ ಸದಾಶಿವಪ್ಪ ಹೊಸ ಮನೆ ಕಟ್ಟಿಸಿದ್ದು ಇರುವುದಕ್ಕಲ್ಲ, ತೋರಿಸುವುದಕ್ಕೆ. ಈ ಮಾತು ಊರಿನವರದಲ್ಲ, ಅವನ ಹೆಂಡತಿ ನೀಲಾಂಬಿಕೆಯದು. ಊರಿನವರು ಎದುರಿಗೆ ಹೊಗಳಿ ಹಿಂದಿನಿಂದ ನಗುತ್ತಿದ್ದರು. ನೀಲಾಂಬಿಕೆಗೆ ಆ ಎರಡು ನಾಲಿಗೆ ಇರಲಿಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಈ ಮನೆತನಕ್ಕೆ ಬಂದವಳು, ಅಂಗಡಿಯ ಜೋಳ ಕೇರುತ್ತ ಕೇರುತ್ತ ಗಂಡನ ಮಾತನ್ನೂ ಕೇರಲು ಕಲಿತಿದ್ದಳು. ಬಹಳ ಸಲ ಮೊರದಲ್ಲಿ ಏನೂ ಉಳಿಯುತ್ತಿರಲಿಲ್ಲ.

ಅದು ತೊಂಬತ್ತೆಂಟನೇ ಇಸವಿ. ಸದಾಶಿವಪ್ಪ ದಾವಣಗೆರೆಯ ಗಿರಣಿ ಮಾಲೀಕನೊಬ್ಬನ ಮನೆಯಲ್ಲಿ ಇಂಟರ್‌ನೆಟ್ ಎಂಬುದನ್ನು ನೋಡಿ ಬಂದ. ನೋಡಿದ್ದಾದರೂ ಏನು? ಫೋನಿನ ತಂತಿ ಚುಚ್ಚಿದ ಡಬ್ಬಿಯೊಂದು ಗೊರಗೊರ ಅಂದದ್ದು, ಕಂಪ್ಯೂಟರಿನ ಪರದೆಯ ಮೇಲೆ ಯಾವುದೋ ಚಿತ್ರ ಅರ್ಧ ಇಳಿಯುವಷ್ಟರಲ್ಲಿ ಕರೆಂಟು ಹೋದದ್ದು. ಅಷ್ಟಕ್ಕೇ ನಮ್ಮ ಸಾಹುಕಾರನಿಗೆ ಗರ ಬಡಿಯಿತು. ಗಿಲಾವು ಆಗುವ ಮೊದಲೇ ಗೋಡೆಯೊಳಗೆ ಪೈಪು ಹೂಳಿಸಿ ಕೋಣೆಗೊಂದು ಫೋನ್ ಪಾಯಿಂಟು ಕೊಡಬೇಕು, ಮಹಡಿಯ ಮೇಲೆ ಇಂಟರ್‌ನೆಟ್ಟಿಗೇ ಬೇರೆ ಕೋಣೆ ಬಿಡಬೇಕು ಎಂದು ಅಪ್ಪಣೆಯಾಯಿತು. ಕಂಪ್ಯೂಟರ್ ಇನ್ನೂ ಕೊಂಡಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನೀಲಾಂಬಿಕೆ ಗೊಣಗಿದ್ದು ಯಾರಿಗೂ ಬೇಕಾಗಿರಲಿಲ್ಲ.

ಪ್ಲಾನು ಹಾಕುವುದಕ್ಕೆ ಸದಾಶಿವಪ್ಪನ ಅಣ್ಣನ ಮಗ ಮಲ್ಲಿಕಾರ್ಜುನ್ ಇದ್ದ. ಶಿವಮೊಗ್ಗದಲ್ಲಿ ಕಂಪ್ಯೂಟರ್ ಕೋರ್ಸ್ ಸೇರಿ, ಫೋಟೊ ತೆಗೆಸಿಕೊಳ್ಳುವಷ್ಟು ದಿನ ಅಲ್ಲಿದ್ದು ಬಂದವನು. ಸೀಮೆಸುಣ್ಣ ಹಿಡಿದು ಗೋಡೆಗೋಡೆಗೂ ಗೆರೆ ಎಳೆದ. ವಾಯುವ್ಯ ಗಾಳಿಯ ಮೂಲೆ, ಮಾತು ಗಾಳಿಯಲ್ಲಿ ಹೋಗುವಂಥದ್ದು, ಆದ್ದರಿಂದ ಇಂಟರ್‌ನೆಟ್ ಅಲ್ಲೇ ಬರಬೇಕೆಂದು ವಾಸ್ತು ನೋಡುವ ಅಯ್ಯನವರು ಅಂದರು. ತಂತಿ ಪೈಪಿನಲ್ಲಿ ಬರುತ್ತದೆ, ಗಾಳಿಯಲ್ಲಲ್ಲ ಎಂಬುದು ಕೋರ್ಸ್ ಮಾಡಿದವನಿಗೂ ಹೊಳೆಯಲಿಲ್ಲ. ಹಾಲ್, ಆಫೀಸು, ಮಲಗುವ ಕೋಣೆಗಳು, ಮಹಡಿ, ಕಡೆಗೆ ಬಚ್ಚಲಿಗೂ ಒಂದು ಪಾಯಿಂಟು. ಎಲ್ಲವೂ ಒಂದೇ ಲೈನಿನ ಮೇಲೆ. ಒಂದು ಕಡೆ ಆಡಿದ್ದು ಬೇಕಾದ ಕಡೆ ಕೇಳಬಹುದು. ಅಡಿಗೆ ಮನೆಗೆ ಮಾತ್ರ ಗೆರೆಯೇ ಹೋಗಿರಲಿಲ್ಲ.

ಆ ಮನೆಯಲ್ಲಿ ತನಗೆ ಇಂಥದ್ದು ಬೇಕು ಎಂದು ನೀಲಾಂಬಿಕೆ ಕೇಳಿದ್ದು ಅಡಿಗೆ ಮನೆಯ ಪಾಯಿಂಟೊಂದನ್ನೇ. ಮಗಳು ಧನ್ಯಾಳನ್ನು ಹಿಂದಿನ ವರ್ಷ ಸೊರಬದ ಕಡೆಯ ಜಡೆ ಊರಿನ ಅಡಿಕೆ ತೋಟದವರ ಮನೆಗೆ ಕೊಟ್ಟಿದ್ದರು. ಅಲ್ಲಿ ಫೋನಿರಲಿಲ್ಲ. ಅತ್ತೆ ಮಾವ ಸೊರಬಕ್ಕೆ ಹೋದ ದಿನ ಹುಡುಗಿ ಬೂತಿಗೆ ಓಡಿ ಬಂದು ಅಪ್ಪನ ಅಂಗಡಿಗೆ ಫೋನ್ ಮಾಡುತ್ತಿದ್ದಳು. ಚೀಲ ತೂಗುವ ಗದ್ದಲದಲ್ಲಿ ಸದಾಶಿವಪ್ಪ, ಆರಾಮಿದ್ದೀಯಲ್ಲ, ಸರಿ, ಎಂದು ಇಟ್ಟುಬಿಡುವನು. ಒಂದೆರಡು ಸಲ ಫೋನು ನೀಲಾಂಬಿಕೆಯ ಕೈಗೆ ಸಿಕ್ಕಾಗ ಮಗಳು ಮೊದಲು ಕೇಳಿದ್ದು, ಅಪ್ಪ ಪಕ್ಕದಲ್ಲಿದ್ದಾರಾ ಎಂದು. ಇದ್ದಾರೆ ಅಂದ ಕೂಡಲೇ ಹುಡುಗಿ ಮಳೆಯ ಮಾತು, ಎಮ್ಮೆಯ ಮಾತು ಆಡಿ ಮುಗಿಸಿದಳು. ಏನೋ ಸರಿಯಿಲ್ಲ ಎಂದು ತಾಯಿಗೆ ಗೊತ್ತಾಯಿತು. ಹೊಸ ಮನೆಗೆ ಲೈನು ಬಂದ ಮೇಲೆ ಗಂಡ ಕಾಲಿಡದ ಜಾಗದಲ್ಲಿ, ಅಂದರೆ ಒಲೆಯ ಮುಂದೆ, ಮಗಳ ಮಾತನ್ನು ಪೂರ್ತಿ ಕೇಳಬೇಕೆಂದು ಆಕೆ ಕಾದಿದ್ದಳು.

"ಅಡಿಗಿ ಮನ್ಯಾಗ ಒಂದು ಪಾಯಿಂಟ್ ಕೊಡಿಸ್ರಿ. ಧನ್ಯಾ ಮಾಡಿದ್ರ ನಾ ಒಬ್ಬಾಕಿ ಮಾತಾಡಬೇಕು," ಅಂದಳು.

ಸದಾಶಿವಪ್ಪ ನಕ್ಕ. ಒಗ್ಗರಣೆಯ ಹೊಗೆಗೆ ಫೋನು ಹಾಳಾಗುತ್ತದೆ, ಹೆಂಗಸರ ಕೈಗೆ ಕೊಟ್ಟರೆ ಮಾತು ಮುಗಿಯುವುದಿಲ್ಲ ಅಂದ. ಮಲ್ಲಿಕಾರ್ಜುನ್ ನಡುವೆ ಬಾಯಿ ಹಾಕಿ, ಚಿಕ್ಕಮ್ಮನಿಗೆ ತಂತಿಯೇ ಬೇಡ, ಕಾರ್ಡ್‌ಲೆಸ್ ತರೋಣ, ಹಿತ್ತಲಿನವರೆಗೂ ಸಿಗ್ನಲ್ ಬರುತ್ತದೆ ಎಂದ. ಬೆಳಗಾದರೆ ಗಿಲಾವಿನವರು ಬರುವವರಿದ್ದರು. ನೀಲಾಂಬಿಕೆ ಹೂಂ ಅಂದಳು.

ಕಾರ್ಡ್‌ಲೆಸ್ ಬಂತು. ಕೈಯಲ್ಲಿ ಹಿಡಿದು ಓಡಾಡುವುದೊಂದು, ತಂತಿಗೆ ಸಿಕ್ಕಿಸಿ ಒಂದು ಕಡೆ ಇಡುವ ಪೀಠವೊಂದು. ಪೀಠವೇ ಮುಖ್ಯ, ಸಿಗ್ನಲ್ ಹೊರಡುವುದು ಅದರಿಂದಲೇ, ಜೋಪಾನ ಎಂದು ಮಾರಿದವನು ಹೇಳಿದ್ದ. ಜೋಪಾನ ಅಂದರೆ ಆ ಮನೆತನಕ್ಕೆ ಗೊತ್ತಿದ್ದದ್ದು ಒಂದೇ ಜಾಗ, ದೇವರ ಕೋಣೆಯ ಕಬ್ಬಿಣದ ಬೀರು. ಅಜ್ಜನ ಕಾಲದಿಂದ ಬೆಲೆಬಾಳುವುದೆಲ್ಲ ಅಲ್ಲೇ. ಸದಾಶಿವಪ್ಪ ಬೀರುವಿನ ಬೆನ್ನಿಗೆ ತೂತು ಕೊರೆಸಿ, ತಂತಿ ಒಳಗೆ ಎಳೆಸಿ, ಪೀಠವನ್ನು ಬಂಗಾರದ ಪಕ್ಕ ಇಟ್ಟು, ಬೀಗ ಜಡಿದು ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಅಡಿಗೆ ಮನೆಯಲ್ಲಿ ಕಿವಿಗೆ ಹಿಡಿದರೆ ಬರೀ ಗುರ್ ಎನ್ನುವ ಸದ್ದು. ಗೋಡೆ ಇನ್ನೂ ಹಸಿ, ಒಣಗಿದ ಮೇಲೆ ಸಿಗ್ನಲ್ ಸಲೀಸಾಗುತ್ತದೆ ಎಂದು ಮಲ್ಲಿಕಾರ್ಜುನ್ ತೀರ್ಪು ಕೊಟ್ಟ. ಬೀರುವಿನ ಬಾಗಿಲು ತೆರೆದಾದರೂ ಇಡಿ ಎಂದು ನೀಲಾಂಬಿಕೆ ಅಂದಾಗ, ಕಳ್ಳರಿಗೆ ಆರತಿ ಎತ್ತಿ ಕರೆಯಲೇ ಎಂದು ಗಂಡ ಕೇಳಿದ. ಇಂಥ ತಲೆಯ ಜೊತೆ ಇಷ್ಟು ವರ್ಷ ಬಾಳಿದ್ದಕ್ಕೆ ಆಕೆಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಗೃಹಪ್ರವೇಶಕ್ಕೆ ಜಡೆಯವರು ಮಗಳನ್ನು ಕಳಿಸಲಿಲ್ಲ. ಅಡಿಕೆ ಸುಲಿಯುವ ಕೆಲಸವಂತೆ. ಊಟದ ಹೊತ್ತಿಗೆ ಸದಾಶಿವಪ್ಪ ನೆಂಟರನ್ನೆಲ್ಲ ಕೋಣೆಕೋಣೆಗೆ ಹಂಚಿ ಒಂದೊಂದು ಫೋನಿನ ಪಕ್ಕ ನಿಲ್ಲಿಸಿದ. ಯಾರದಾದರೂ ಫೋನು ಬಂದರೆ ಇಡೀ ಮನೆ ಒಟ್ಟಿಗೆ ಮೊಳಗುವುದನ್ನು ಕೇಳಿ, ಎಲ್ಲರೂ ಎತ್ತಿ ಆನಂದಿಸಬೇಕಿತ್ತು. ಬಚ್ಚಲಿನಲ್ಲಿ ಒಬ್ಬ ಭಾವಮೈದ ರೇಷ್ಮೆ ಪಂಚೆ ಎತ್ತಿಕಟ್ಟಿ ನಿಂತಿದ್ದ.

ಫೋನು ಬಂತು. ಅಡಿಗೆ ಮನೆಯ ಕಾರ್ಡ್‌ಲೆಸ್ ಗುರ್ ಎಂದಷ್ಟೇ ಅಂದಿತು. ಹೋಳಿಗೆಯ ತಟ್ಟೆ ಬಿಟ್ಟು ನೀಲಾಂಬಿಕೆ ಹಾಲ್‌ಗೆ ಓಡಿ, ಅಲ್ಲಿ ನಿಂತಿದ್ದ ನೆಂಟನ ಕೈಯಿಂದ ಫೋನು ಕಸಿದಳು.

"ಅವ್ವಾ, ಅಪ್ಪ ಪಕ್ಕದಾಗ ಅದಾರೇನು?"

"ಇಲ್ಲ ಮಗಾ. ಹೇಳು."

"ನಂಗ ಇಲ್ಲಿ ಇರಾಕ ಆಗಂಗಿಲ್ಲವ್ವ. ನಿನ್ನಿ ರಾತ್ರಿ ಹೊರಗ ಹಾಕಿ ಬಾಗ್ಲ ಹಾಕ್ಕೊಂಡ್ರು. ನಾ ಬರ್ಲೇನು?"

ಅಷ್ಟರಲ್ಲಿ ಮನೆಯ ತುಂಬ ಟಕ್ ಟಕ್ ಎಂದು ಫೋನುಗಳು ಎದ್ದವು. ಮಜ್ಜಿಗೆಗೆ ನೀರು ಬೆರೆಸುತ್ತ ಹೋದ ಹಾಗೆ, ಒಂದೊಂದು ಫೋನು ಎತ್ತಿದ ಹಾಗೆಲ್ಲ ಮಗಳ ದನಿ ತೆಳುವಾಗುತ್ತ ಹೋಯಿತು. ಬಚ್ಚಲಿನವನು ಹಲೋ ಹಲೋ ಎನ್ನುತ್ತಿದ್ದ. ಇಡ್ರಿ ಎಲ್ಲಾರೂ ಎಂದು ನೀಲಾಂಬಿಕೆ ಕೂಗಿದಳು. ಮಹಡಿಯಿಂದ ಗಂಡನ ದನಿ ಅವೆಲ್ಲದರ ಮೇಲೆ ಬಂತು.

"ಏನವ್ವಾ ಧನ್ಯಾ, ಹೊಸಾ ಮನಿ ಲೈನ್ ಹೆಂಗ ಕೇಳ್ತೈತಿ?"

ಆಮೇಲೆ ಎಲ್ಲೋ ದೂರದಲ್ಲಿ, ಚಲೋ ಕೇಳ್ತೈತಿ ಅಪ್ಪಾ, ಎಂದು ಹೇಳಿ ಹುಡುಗಿ ಫೋನ್ ಇಟ್ಟಳು.

ಸದಾಶಿವಪ್ಪ ಬೀಗುತ್ತ ಮೆಟ್ಟಿಲಿಳಿದು ಬಂದ. ಅವನಿಗೆ ಮಗಳ ಮಾತು ಕೇಳಿಸಿರಲಿಕ್ಕಿಲ್ಲ ಎಂದು ನೀಲಾಂಬಿಕೆ ಇನ್ನೂ ಅಂದುಕೊಂಡಿದ್ದಳು. ಇಷ್ಟು ವರ್ಷ ಕೇರಿದ ಮೇಲೂ ಒಂದು ಕಾಳು ಉಳಿದಿದ್ದೀತು ಎಂಬ ಆಸೆ.

"ಆಕಿ ಅಂದಿದ್ದು ನಿಮಗ ಕೇಳಿಸ್ತೇನು?"

"ಎಲ್ಲಾರಿಗಿಂತ ಮೊದ್ಲು ನಾನ ಎತ್ತಿದ್ದು. ಬಾಗ್ಲ ಹಾಕ್ಕೊಂಡ್ರು ಅಂದಿದ್ದೂ ಕೇಳಿಸ್ತು. ಎಷ್ಟು ಕ್ಲಿಯರ್ ಅಂತಿ, ಪಕ್ಕದಾಗ ನಿಂತು ಮಾತಾಡಿದಂಗ."

ನೀಲಾಂಬಿಕೆ ಗಂಡನ ಮುಖ ನೋಡಿದಳು. ಬೈಗುಳ ತಿನ್ನುವುದಕ್ಕೂ ಒಂದು ಯೋಗ್ಯತೆ ಬೇಕು. ಸೆರಗಿಗೆ ಕೈ ಒರೆಸಿಕೊಂಡು ಹೊಸ್ತಿಲ ಹೊರಗೆ ಚಪ್ಪಲಿ ಮೆಟ್ಟಿದಳು. ಎರಡನೇ ಪಂಕ್ತಿ ಕೂತಿದೆ, ಹೋಳಿಗೆ ಯಾರು ಬಡಿಸುತ್ತಾರೆ ಎಂದು ಅವನು ಹಿಂದೆಯೇ ಬಂದ.

"ನೀವ ಬಡಿಸ್ರಿ," ಅಂದಳು. "ಬರ್ಲೇನು ಅಂತ ಕೂಸು ಕೇಳ್ತು, ಬಾ ಅನ್ನಾಕ ನನಗ ಈ ಮನ್ಯಾಗ ಒಂದು ಫೋನ್ ಸಿಗ್ಲಿಲ್ಲ. ಹೋಗಿ ಅಂದು ಬರ್ತೀನಿ."

ಸೊರಬದ ಬಸ್ಸು ಹೊರಡುವುದರಲ್ಲಿತ್ತು. ರೇಷ್ಮೆ ಸೀರೆಯಲ್ಲೇ ಹತ್ತಿ ಕೂತಳು.